ಭಟ್ಟಿಯ ಮುಂದೆ ಪಾಸ್ಟರ್ ಹಿಡಿದ ರೋಜಾ

ಮುಖ್ಯ ಅತಿಥಿಗಳು ಹೇಳಿದ ಹೊತ್ತಿಗೆ ಬಂದಿದ್ದರೆ ಇದ್ಯಾವುದೂ ನಡೆಯುತ್ತಿರಲಿಲ್ಲ. ಇದನ್ನು ನಾನು ಆಗಲೂ ಹೇಳಿದ್ದೆ, ಈಗಲೂ ಹೇಳುತ್ತೇನೆ. ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತಳಾದ ಮೇಲೆ ದಾವಣಗೆರೆ, ಹರಿಹರದ ಸಮಾರಂಭಗಳಲ್ಲಿ ನಿರೂಪಣೆ ಮಾಡುವ ಕೆಲಸ ನನಗೆ ಅಂಟಿಕೊಂಡಿದೆ. ಪ್ರಾರ್ಥನೆ, ಸ್ವಾಗತ, ದೀಪ ಬೆಳಗಿಸುವುದು, ಹಾರ, ಶಾಲು ಎಲ್ಲವನ್ನೂ ಕಣ್ಣು ಮುಚ್ಚಿಕೊಂಡು ಮಾಡಿಸುತ್ತೇನೆ. ನನ್ನ ಕೈಯಲ್ಲಿ ಆಗದ್ದು ಒಂದೇ, ದೊಡ್ಡವರನ್ನು ಹೊತ್ತಿಗೆ ಸರಿಯಾಗಿ ಕರೆಸುವುದು. ಅವರು ಬರುವವರೆಗೆ ವೇದಿಕೆಯ ಮೇಲಿದ್ದವರಲ್ಲಿ ಯಾರಾದರೊಬ್ಬರು ಮಾತನ್ನು ಎಳೆಯಲೇಬೇಕು.

ಆ ಸಂಜೆ ಹರಿಹರದಲ್ಲಿ ಸರ್ವಧರ್ಮ ಸೌಹಾರ್ದ ಸಮಾರಂಭವಿತ್ತು. ನಮ್ಮ ಶಿವರಾತ್ರಿ ಆಗಷ್ಟೇ ಮುಗಿದಿತ್ತು, ಇಷ್ಟದ ತಿನಿಸು ಬಿಟ್ಟಿರುವ ಕ್ರೈಸ್ತರ ಲೆಂಟ್ ವ್ರತ ನಡೆದಿತ್ತು, ರಂಜಾನ್ ಬಾಗಿಲಿಗೆ ಬಂದಿತ್ತು. ಹಾಗಾಗಿ ಉಪವಾಸದ ಮಹತ್ವ ಎಂಬ ವಿಷಯ ಇಟ್ಟಿದ್ದರು. ಮಾತಾಡುವ ಸರದಿ ಪಾಸ್ಟರ್ ಅವರದು. ಹರಿಹರದಲ್ಲಿ ಅವರದೊಂದು ಸಣ್ಣ ಪ್ರಾರ್ಥನಾಲಯವಿದೆ, ಸುತ್ತಲಿನ ಪಾಸ್ಟರ್‌ಗಳಿಗೆಲ್ಲ ಇವರೇ ಮುಖಂಡರು. ಒಣಗಿದ ಜೋಳದ ದಂಟಿನಂತೆ ತೆಳ್ಳಗಿನ ಮನುಷ್ಯ, ಮಾತು ಮಾತ್ರ ದಂಡಿಯಾಗಿ ಬರುತ್ತದೆ. ಅವರ ಪಕ್ಕದ ಕುರ್ಚಿಯಲ್ಲಿ, ಕುರ್ಚಿ ಕಾಣದಂತೆ ತುಂಬಿಕೊಂಡು ಕುಳಿತಿದ್ದವರು ದಾವಣಗೆರೆಯಲ್ಲಿ ಮಂಡಕ್ಕಿ ಹುರಿಯುವ ಭಟ್ಟಿ ಇಟ್ಟಿರುವ ಸಾಹೇಬರು. ಇಬ್ಬರೂ ಹರಿಹರದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕುಳಿತು ಓದಿದವರು.

ಇವರ ಗೆಳೆತನದ ಬಗ್ಗೆ ಇಲ್ಲಿಯೇ ಹೇಳಿಬಿಡುತ್ತೇನೆ. ಪಾಸ್ಟರ್ ಮಧ್ಯಾಹ್ನ ಇಳಿಯುವ ಹೊತ್ತಿಗೆ ಸ್ಕೂಟರ್ ಹತ್ತಿ ದಾವಣಗೆರೆಗೆ ಬಂದು ಸಾಹೇಬರ ಭಟ್ಟಿಯಲ್ಲಿ ಕೂರುವುದು ವರ್ಷಗಳಿಂದ ನಡೆದುಕೊಂಡು ಬಂದದ್ದು. ನಮ್ಮೂರಿನ ಭಟ್ಟಿಗಳಲ್ಲಿ ಒಂದು ರೂಢಿಯಿದೆ. ಒಳಗೆ ಕಾಲಿಟ್ಟವರು, ಕೊಳ್ಳಲಿ ಬಿಡಲಿ, ಬಿಸಿ ಮಂಡಕ್ಕಿ ರಾಶಿಗೆ ಕೈ ಹಾಕಿ ಒಂದು ಮುಷ್ಟಿ ಬಾಯಿಗೆ ಹಾಕಿಕೊಳ್ಳದೆ ಮಾತು ಶುರು ಮಾಡುವುದಿಲ್ಲ. ಇವರಿಬ್ಬರೂ ಹಾಗೆಯೇ, ಎದುರುಬದುರು ಕುಳಿತು ರಾಶಿಗೆ ಕೈ ಹಾಕುತ್ತಾ ಊರಿನ ಸುದ್ದಿಯನ್ನೆಲ್ಲ ಅಗಿಯುತ್ತಿದ್ದರು. ರಂಜಾನ್ ತಿಂಗಳಲ್ಲಿ ಮಾತ್ರ ಪಾಸ್ಟರ್ ಹಗಲು ಆ ಕಡೆ ಸುಳಿಯುತ್ತಿರಲಿಲ್ಲ. ರೋಜಾ ಇದ್ದವರ ಎದುರು ಬಾಯಾಡಿಸುವುದು ಚೆನ್ನಾಗಿರುವುದಿಲ್ಲ ಎಂಬ ಮರ್ಯಾದೆ ಅವರಿಗಿತ್ತು. ಅಂಥವರು ವೇದಿಕೆಯ ಮೇಲೆ ಹೋಗಿ ಹಾಗೆ ಮಾತಾಡಿದರು.

ತಪ್ಪು ನನ್ನದೂ ಹೌದು. ಪಾಸ್ಟರ್ ಪ್ರೀತಿ, ಶಾಂತಿ, ಸಂಯಮ ಎಲ್ಲ ಹೇಳಿ ಮುಗಿಸಿ ಕೂರಲು ಹೊರಟಿದ್ದರು. ಮುಖ್ಯ ಅತಿಥಿಗಳು ಇನ್ನೂ ಯಾವುದೋ ಗೃಹಪ್ರವೇಶದ ಊಟದಲ್ಲಿದ್ದಾರೆ ಎಂದು ಯಾರೋ ಬಂದು ನನ್ನ ಕಿವಿಯಲ್ಲಿ ಹೇಳಿದರು. ನಾನು ಕೈ ಸನ್ನೆ ಮಾಡಿದೆ, ಇನ್ನೊಂದಿಷ್ಟು ಎಳೆಯಿರಿ ಎಂದು. ಒಳ್ಳೆಯ ಮಾತೆಲ್ಲ ಖರ್ಚಾಗಿತ್ತು. ಉಳಿದಿದ್ದದ್ದು ತಮಾಷೆ.

"ನಮ್ಮ ಮುಸ್ಲಿಂ ಬಂಧುಗಳ ಉಪವಾಸ ಅಂದ್ರೆ ಬ್ಯಾರೆ ಏನಿಲ್ಲ, ಊಟದ ಟೈಂಟೇಬಲ್ ಬದಲಾಗತೈತೆ ಅಷ್ಟೇ. ಹಗಲಿಂದು ರಾತ್ರಿಗೆ" ಎಂದರು. "ರಂಜಾನ್ ಮುಗಿದ ಮ್ಯಾಲೆ ತೂಕ ಇಳಿದೋರನ್ನ ನಾನಂತೂ ನೋಡಿಲ್ಲ. ಬೇಕಾದ್ರೆ ನಮ್ಮ ಸಾಹೇಬ್ರನ್ನೇ ನೋಡ್ರಿ."

ಸಭೆ ಗೊಳ್ಳೆಂದಿತು. ಎಲ್ಲರಿಗಿಂತ ಜೋರಾಗಿ ನಕ್ಕವರು ಸಾಹೇಬರು. ಅವರು ನಕ್ಕರೆ ಮೊದಲು ಹೊಟ್ಟೆ ನಗುತ್ತದೆ, ಸದ್ದು ಆಮೇಲೆ ಬರುತ್ತದೆ. ಅಷ್ಟರಲ್ಲಿ ಹೊರಗೆ ಕಾರಿನ ಬಾಗಿಲು ಬಡಿದುಕೊಂಡಿತು, ಮುಖ್ಯ ಅತಿಥಿಗಳು ಕೈ ಮುಗಿಯುತ್ತಾ ಬಂದರು, ಎಲ್ಲರೂ ಎದ್ದು ನಿಂತೆವು.

ಮಾರನೆಯ ದಿನ ಆ ಮಾತು, ಆ ನಗು ಎರಡನ್ನೂ ಕತ್ತರಿಸಿ ತೆಗೆದ ವಿಡಿಯೋ ಎಲ್ಲರ ಮೊಬೈಲಿನಲ್ಲಿತ್ತು. ಅದಕ್ಕೆ ಮೊದಲು ಹೇಳಿದ ಪ್ರೀತಿಯೂ ಇಲ್ಲ, ಶಾಂತಿಯೂ ಇಲ್ಲ. ಊರಿನದೊಂದು ಯೂಟ್ಯೂಬ್ ಚಾನೆಲ್‌ನವನು ಅದಕ್ಕೆ ನಗಾರಿ ಸದ್ದು ಸೇರಿಸಿ, ಪಾಸ್ಟರ್ ಮುಖಕ್ಕೆ ಕೆಂಪು ಸುತ್ತು ಹಾಕಿ, ವಿವಾದಾತ್ಮಕ ಹೇಳಿಕೆ ಎಂದು ಬಿಟ್ಟ. ಸಾಹೇಬರ ಹೊಟ್ಟೆಗೂ ಒಂದು ಸುತ್ತು ಹಾಕಿದ್ದ.

ಸಾಹೇಬರು ತಮ್ಮ ಮೊಹಲ್ಲಾದ ಮಸೀದಿ ಕಮಿಟಿಯಲ್ಲಿದ್ದರು. ಕಮಿಟಿಯ ಹಿರಿಯರು ಒಬ್ಬ ಹಾಜಿಗಳು, ಬಿಳಿ ಗಡ್ಡದ, ಕಡಿಮೆ ಮಾತಿನ ಮನುಷ್ಯ. ಅವರು ಸಾಹೇಬರನ್ನು ಕರೆಸಿ, ಮಾತಾಡಿದ್ದು ಅವನ ಬಾಯಿ, ನಿನ್ನ ಹೊಟ್ಟೆ ಯಾಕೆ ಕುಣಿಯಿತು ಎಂದು ಕೇಳಿದರಂತೆ. ಹಾಜಿಗಳ ಸಿಟ್ಟು ಸುಳ್ಳಲ್ಲ. ಬೇಸಿಗೆಯಲ್ಲಿ, ಭತ್ತದ ಹೊಟ್ಟಿನ ಬೆಂಕಿಯ ಮುಂದೆ, ಕಾದ ಮರಳಿನಲ್ಲಿ ಅಕ್ಕಿ ಹುರಿಯುತ್ತಾ ಒಂದು ಗುಟುಕು ನೀರೂ ಕುಡಿಯದೆ ದಿನವಿಡೀ ನಿಲ್ಲುವ ಜನರಿಗೆ ಅದು ಟೈಂಟೇಬಲ್ ಅಲ್ಲ. ಇದು ನನಗೆ ಹೊಳೆದದ್ದೂ ಹಾಜಿಗಳು ಕೇಳಿದ ಮೇಲೆಯೇ. ಮೊಹಲ್ಲಾದ ಹುಡುಗರು ಪೊಲೀಸ್ ದೂರು ಕೊಡಬೇಕೆಂದು ಹಟ ಹಿಡಿದಿದ್ದರು. ದೂರಿಗೆ ಕಣ್ಣಾರೆ ಕಂಡವರ ಸಹಿ ಬೇಕು, ಕಮಿಟಿಯವರಲ್ಲಿ ವೇದಿಕೆ ಮೇಲಿದ್ದವರು ಸಾಹೇಬರು ಒಬ್ಬರೇ. ಸಹಿ ಹಾಕಿದರೆ ಗೆಳೆಯ ಠಾಣೆಗೆ, ಹಾಕದಿದ್ದರೆ ತಾವು ಮಸೀದಿಯಲ್ಲಿ ತಲೆ ಎತ್ತುವ ಹಾಗಿಲ್ಲ. ಸಾಹೇಬರು ಊಟ ಬಿಟ್ಟರು. ರಂಜಾನಿಗೆ ಮೊದಲೇ ಅವರ ತೂಕ ಇಳಿಯತೊಡಗಿತು.

ಇತ್ತ ಪಾಸ್ಟರ್ ಪಾಡು ಇನ್ನೂ ಚಂದ. ಅವರ ಪ್ರಾರ್ಥನಾಲಯದ ಸ್ಪೀಕರ್ ಸದ್ದಿನ ಮೇಲೆ ಎರಡೆರಡು ಸಲ ದೂರು ಕೊಟ್ಟಿದ್ದ ಅದೇ ಬೀದಿಯ ಮುಖಂಡರೊಬ್ಬರು ಶಾಲು, ಹಾರ ಹಿಡಿದುಕೊಂಡು ಮನೆಗೆ ಬಂದರು. ಧೈರ್ಯವಾಗಿ ಸತ್ಯ ಹೇಳಿದ್ದಕ್ಕೆ ಸನ್ಮಾನವಂತೆ. ಪಾಸ್ಟರ್ ಬಚ್ಚಲಿಗೆ ಹೋಗಿ ಚಿಲಕ ಹಾಕಿಕೊಂಡವರು ಹೊರಗೆ ಬರಲೇ ಇಲ್ಲ. ಬಂದವರು ಶಾಲನ್ನು ಕುರ್ಚಿಗೆ ಹೊದಿಸಿ, ಕುರ್ಚಿಯ ಜೊತೆ ಫೋಟೋ ತೆಗೆಸಿಕೊಂಡು ಹೋದರು.

ಆಮೇಲೆ ಪಾಸ್ಟರ್ ಕ್ಷಮೆ ಕೇಳುವ ವಿಡಿಯೋ ಮಾಡಿದರು. ಯಾರಿಗಾದರೂ ನೋವಾಗಿದ್ದರೆ ವಿಷಾದಿಸುತ್ತೇನೆ ಎಂದು ನಿಲ್ಲಿಸಿದ್ದರೆ ಸಾಕಿತ್ತು. ಅವರು ನಿಲ್ಲಿಸುವವರೇ? ಲೆಂಟ್ ಉಪವಾಸದ ಕಷ್ಟ ತಮಗೂ ಗೊತ್ತಿದೆ ಎಂದು ಸೇರಿಸಿದರು. ಅದನ್ನು ನೋಡಿ ಪಾಸ್ಟರಮ್ಮ ನನಗೆ ಫೋನ್ ಮಾಡಿದರು. "ಇವರು ಈ ಸಲ ಲೆಂಟ್‌ಗೆ ಬಿಟ್ಟಿರೋದು ಹಾಗಲಕಾಯಿ, ಅಕ್ಕಾರೆ. ಹುಟ್ಟಿದಾಗಿಂದ ಅದನ್ನ ತಿಂದೋರೇ ಅಲ್ಲ."

ಕೊನೆಗೆ ಸಂಧಾನಕ್ಕೆ ನಾನೇ ಹೋಗಬೇಕಾಯಿತು. ರಂಜಾನ್ ಶುರುವಾಗಿತ್ತು. ಭಟ್ಟಿಯೊಳಗೆ ಸಾಹೇಬರು ಕಪ್ಪಿಟ್ಟ ಮುಖದಲ್ಲಿ ಕುಳಿತಿದ್ದರು, ಪಕ್ಕದ ಬೆಂಚಿನಲ್ಲಿ ಹಾಜಿಗಳಿದ್ದರು. ನಾನು ಮುಖ್ಯ ಅತಿಥಿಯಿಂದ ಹಿಡಿದು ಹಾಗಲಕಾಯಿಯವರೆಗೆ ಎಲ್ಲ ಹೇಳಿದೆ. ಸಾಹೇಬರು ಬೆಂಕಿಯ ಕಡೆ ಕೈ ತೋರಿಸಿ ಹೇಳಿದರು. "ವಿಡಿಯೋ ಬ್ಯಾಡ ಅಕ್ಕಾರೆ. ಒಂದು ದಿನ ಬಂದು ಈ ಬೆಂಕಿ ಮುಂದ ಕೂತು ರೋಜಾ ಹಿಡೀಲಿ. ಆಮ್ಯಾಲೆ ಬೇಕಾದ್ರೆ ಟೈಂಟೇಬಲ್ ಬಗ್ಗೆ ಮಾತಾಡ್ಲಿ." ಹಾಜಿಗಳು ತಲೆಯಾಡಿಸಿದರು. ಅವನು ಹಿಡಿದರೆ ದೂರು ಬೇಡ, ಹಿಡಿಯದಿದ್ದರೆ ಅಂದು ಸಂಜೆಯೇ ಸಹಿ ಎಂದು ತೀರ್ಮಾನವಾಯಿತು. ಬರೆದು ಮಡಚಿದ ದೂರಿನ ಹಾಳೆ ಹಾಜಿಗಳ ಜೇಬಿನಲ್ಲಿ ಕಾಣುತ್ತಿತ್ತು.

ಪಾಸ್ಟರ್ ಒಪ್ಪಿದರು. ಗೊತ್ತಾದ ದಿನ ಸೂರ್ಯ ಹುಟ್ಟುವ ಮೊದಲೇ ಮನೆಯಲ್ಲಿ ಉಂಡು, ಸ್ಕೂಟರ್ ಏರಿ ಬಂದು ಭಟ್ಟಿಯ ಮುಂದೆ ಕುಳಿತರು. ಸಾಹೇಬರು ಅವರನ್ನು ನೋಡದೆ ಹೊಟ್ಟಿನ ಚೀಲ ಎಣಿಸುತ್ತಿದ್ದರು. ಯೂಟ್ಯೂಬಿನವನು ಮೊಬೈಲ್ ಹಿಡಿದು ಹಾಜರಾಗಿದ್ದ. ಹತ್ತು ಗಂಟೆಗೆಲ್ಲ ಪಾಸ್ಟರ್ ಬಿಳಿ ಅಂಗಿ ಬೆನ್ನಿಗೆ ಅಂಟಿತ್ತು. ಎದುರಿಗೆ ಮರಳಿನಲ್ಲಿ ಅಕ್ಕಿ ಪಟಪಟ ಅರಳುತ್ತಿತ್ತು. ಆ ವಾಸನೆ ಎಂಥದೆಂದು ದಾವಣಗೆರೆಯವರಿಗೆ ಹೇಳಬೇಕಾಗಿಲ್ಲ. ಹುರಿಯುವವರು ಅವರಷ್ಟೇ ಬಾಯಾರಿದ್ದರು, ಆದರೆ ಕೈ ನಿಲ್ಲಿಸಿರಲಿಲ್ಲ. ಪಾಸ್ಟರ್ ಅವರನ್ನೇ ನೋಡುತ್ತಿದ್ದರು.

ಅಷ್ಟರಲ್ಲಿ ನಮ್ಮ ಓಣಿಯವರು ಬಂದರು. ಸರಸ್ವತಿ ನಗರದ ನಮ್ಮ ಮನೆಯಲ್ಲಿ ಈ ಸುದ್ದಿ ತಿಳಿದ ಕೂಡಲೇ ಕುಕ್ಕುವಾಡದ ನಮ್ಮತ್ತೆ ಓಣಿಯ ಹೆಂಗಸರನ್ನೆಲ್ಲ ಸೇರಿಸಿದ್ದರು. ಪಾಪ, ದೇವರ ಕೆಲಸ ಮಾಡುವ ಮನುಷ್ಯ ಉಪವಾಸ ಕೂತಿದ್ದಾನೆ, ಉಪವಾಸದವರನ್ನು ಬರಿ ಹೊಟ್ಟೆಯಲ್ಲಿ ಬಿಡುವುದುಂಟೇ? ಎರಡು ಆಟೋ ತುಂಬ ಸಬ್ಬಕ್ಕಿ ಉಪ್ಪಿಟ್ಟು, ಶೇಂಗಾ ಉಂಡೆ, ಬಾಳೆಹಣ್ಣು, ಏಲಕ್ಕಿ ಹಾಕಿದ ಹಾಲು. ನಮ್ಮಲ್ಲಿ ಶಿವರಾತ್ರಿ ಉಪವಾಸವೆಂದರೆ ದಿನದ ಊಟಕ್ಕಿಂತ ಹೆಚ್ಚು ಪಾತ್ರೆ ತೊಳೆಯಬೇಕಾಗುತ್ತದೆ. ನಾನು ಬಾಗಿಲಲ್ಲೇ ಅಡ್ಡ ನಿಂತು, ಇವರ ಉಪವಾಸದಲ್ಲಿ ನೀರೂ ಇಲ್ಲ ಅತ್ತೆ ಎಂದೆ. ಅತ್ತೆ ನಂಬಲಿಲ್ಲ. ನನ್ನನ್ನು ಸರಿಸಿ ಒಳಗೆ ನುಗ್ಗಿ ಹಾಲಿನ ಲೋಟ ಪಾಸ್ಟರ್ ಮೂಗಿಗೇ ಹಿಡಿದರು.

"ಹಣ್ಣು, ಹಾಲು ಲೆಕ್ಕಕ್ಕಿಲ್ಲ ತಗೋರಿ. ಯಾವ ದೇವ್ರೂ ಸಿಟ್ಟಾಗಲ್ಲ."

ಪಾಸ್ಟರ್ ಕಣ್ಣು ಮುಚ್ಚಿಕೊಂಡರು. ಅವರು ದೇವರನ್ನು ನೆನೆದರೋ ಏಲಕ್ಕಿಯನ್ನೋ ಹೇಳಲಾರೆ. ಬೇಡ ತಾಯಿ ಎಂದು ಕೈ ಮುಗಿದರು. ಅತ್ತೆ ಹಾಜಿಗಳ ಕಡೆ ತಿರುಗಿ, ಇದೆಂಥ ಉಪವಾಸ, ನಾಕು ಸಬ್ಬಕ್ಕಿ ಕಾಳಿಗೂ ಗತಿಯಿಲ್ಲವೇ ಎಂದು ತರಾಟೆಗೆ ತೆಗೆದುಕೊಂಡರು. ಹಾಜಿಗಳು ಎದ್ದು ನಿಂತು, ಎಲ್ಲ ಇಲ್ಲೇ ಇಡಿ ಅಮ್ಮ, ಸಂಜೆ ನಾವೆಲ್ಲ ಸೇರಿ ತಿನ್ನುತ್ತೇವೆ ಎಂದು ಸಮಾಧಾನ ಹೇಳಿದರು. ಅತ್ತೆ ಹೋದ ಮೇಲೂ ಗೊಣಗುವುದು ಬೀದಿಯ ತುದಿಯವರೆಗೆ ಕೇಳಿಸಿತು.

ಪಾಸ್ಟರ್ ಹಾಲನ್ನು ತಳ್ಳಿದ್ದು ಸಾಹೇಬರಿಗೆ ನಾಟಿತೆಂದು ಕಾಣುತ್ತದೆ. ಮಧ್ಯಾಹ್ನ ಇಳಿಯುವ ಹೊತ್ತಿಗೆ ಬಂದು ಎದುರಿಗೆ ಕುಳಿತರು. ಮೊದಲು ಬಿಸಿಲಿನ ಮಾತು. ಆಮೇಲೆ ಶಾಲು ಹೊದ್ದ ಕುರ್ಚಿಯ ಕತೆಯನ್ನು ಪಾಸ್ಟರ್ ತಾವೇ ಹೇಳತೊಡಗಿದರು, ಬಚ್ಚಲಿನೊಳಗಿಂದ ಕೇಳಿಸಿಕೊಂಡ ಹಾಗೆ. ಸಾಹೇಬರ ಹೊಟ್ಟೆ ಸಣ್ಣಗೆ ಅಲುಗಿತು. ನನಗೆ ಬಾಯಿ ತುಂಬ ನಗಬೇಕೆನಿಸಿತು, ಅಷ್ಟು ಸಂತೋಷವಾಯಿತು. ಆಗಲೇ ಕಂಡೆ. ಇಬ್ಬರ ನಡುವೆ ಆಗಷ್ಟೇ ಸುರಿದ ಬಿಸಿ ಮಂಡಕ್ಕಿಯ ರಾಶಿ. ಮಾತಿನ ಭರದಲ್ಲಿ ಪಾಸ್ಟರ್ ಕೈ ರಾಶಿಗೆ ಹೋಯಿತು, ಒಂದು ಮುಷ್ಟಿ ತೆಗೆಯಿತು, ಬಾಯಿಗೆ ಎಸೆಯಿತು.

ಕರುಂ ಎಂದಿತು. ಹುರಿಯುವವರ ಕೈ ನಿಂತಿತು. ಹಾಜಿಗಳು ತಸ್ಬಿ ಜಪಮಾಲೆಯ ಮಣಿ ಎಣಿಸುತ್ತಿದ್ದ ಬೆರಳನ್ನು ಅಲ್ಲೇ ಹಿಡಿದರು. ಮೊಬೈಲ್ ಹಿಡಿದವನ ಮುಖದಲ್ಲಿ ಹಬ್ಬ. ಪಾಸ್ಟರ್‌ಗೆ ಗೊತ್ತಾಯಿತು, ದವಡೆ ಹಾಗೇ ಕಲ್ಲಾಯಿತು, ಕಣ್ಣಲ್ಲಿ ನೀರು ತುಂಬಿತು. ಎಲ್ಲ ಮುಗಿಯಿತು ಎಂದುಕೊಂಡೆ. ಗೆಳೆತನ, ಸಂಧಾನ, ನನ್ನ ಮರ್ಯಾದೆ ಎಲ್ಲ ಒಂದು ಮುಷ್ಟಿ ಮಂಡಕ್ಕಿಯಲ್ಲಿ ಹೋಯಿತು. ಏನಾದರೂ ಮಾಡಿ ಎಂದು ಬೇಡಿಕೊಳ್ಳಲು ಸಾಹೇಬರ ಕಡೆ ತಿರುಗಿದೆ.

ಸಾಹೇಬರ ಕೆನ್ನೆಯೂ ಉಬ್ಬಿತ್ತು. ಅವರ ಗಡ್ಡದಲ್ಲಿ ಎರಡು ಮಂಡಕ್ಕಿ ಸಿಕ್ಕಿಕೊಂಡಿದ್ದವು.

ಹಾಜಿಗಳು ಇಬ್ಬರನ್ನೂ ನೋಡಿದರು, ರಾಶಿಯಲ್ಲಿ ಎದುರುಬದುರಾಗಿ ಬಿದ್ದಿದ್ದ ಎರಡು ಗುಂಡಿಗಳನ್ನು ನೋಡಿದರು. ಆಮೇಲೆ ಎದ್ದು ಹೋಗಿ ಮೊಬೈಲಿನ ಕಣ್ಣಿಗೆ ಅಂಗೈ ಅಡ್ಡ ಹಿಡಿದರು.

"ಮರೆತು ತಿಂದ್ರೆ ರೋಜಾ ಮುರಿಯಲ್ಲ" ಎಂದರು. "ಅದು ಅಲ್ಲಾ ತಿನ್ನಿಸಿದ್ದು. ಇಬ್ರೂ ಉಗುಳಿ, ಬಾಯಿ ತೊಳಕೊಂಡು ಬಂದು ಕೂಡ್ರಿ. ಇನ್ನೂ ಹೊತ್ತು ಮುಳುಗಿಲ್ಲ."

ಪಾಸ್ಟರ್ ನಂಬದೆ ಕೂತೇ ಇದ್ದರು. ತಾವು ನಗೆಚಾಟಿಕೆ ಮಾಡಿದ ಉಪವಾಸವೇ ತಮ್ಮನ್ನು ಹೀಗೆ ಉಳಿಸುತ್ತದೆಂದು ಅವರು ಎಣಿಸಿರಲಿಲ್ಲ. ಬಾಯಿ ತೊಳೆದು ಬಂದವರೇ ಹಾಜಿಗಳ ಎದುರು ನಿಂತು, ಅವತ್ತು ನಾನು ಆಡಿದ ಮಾತು ತಪ್ಪು, ಇದು ಟೈಂಟೇಬಲ್ ಅಲ್ಲ ಎಂದರು. ಮುಂದೆ ಒಂದು ಮಾತೂ ಎಳೆಯಲಿಲ್ಲ.

ಹೊತ್ತು ಮುಳುಗಿ ಮಸೀದಿಯಲ್ಲಿ ಅಜಾನ್ ಆಯಿತು. ಅತ್ತೆಯ ಸಬ್ಬಕ್ಕಿ ಉಪ್ಪಿಟ್ಟು, ಬಾಳೆಹಣ್ಣು, ಬಿಸಿ ಮಿರ್ಚಿ ಬಜ್ಜಿ ಎಲ್ಲ ಒಂದೇ ಚಾಪೆಯ ಮೇಲೆ ಬಂದವು. ಮಿರ್ಚಿಯಿಂದ ಎಣ್ಣೆ ಸೋರುತ್ತಿತ್ತು. ಹಾಜಿಗಳು ಜೇಬಿನಿಂದ ಮಡಚಿದ ಹಾಳೆ ತೆಗೆದು ಅದರಡಿ ಹಾಸಿದರು. ಅಕ್ಷರಗಳು ನಿಧಾನಕ್ಕೆ ಎಣ್ಣೆಯಲ್ಲಿ ಮಸುಕಾದವು.

ಪಾಸ್ಟರ್‌ಗೆ ಖರ್ಜೂರ ಕೊಡುತ್ತಾ ಸಾಹೇಬರು ಮೆಲ್ಲಗೆ ಹೇಳಿದರು. "ಚಿಕ್ಕೋನಿದ್ದಾಗಿಂದ ರೋಜಾ ಹಿಡೀತೀನಿ ಕಣ್ಲೇ. ಒಂದಿನಾನೂ ಮರೆತು ತಿಂದೋನಲ್ಲ. ನೀನು ಎದುರಿಗೆ ಕೂತಿ ನೋಡು, ಮರ್ತೆ."

ಪಾಸ್ಟರ್ ಕಣ್ಣೊರೆಸಿಕೊಂಡು, ಮಿರ್ಚಿ ಬಹಳ ಖಾರ ಐತೆ ಎಂದರು. ಅವರ ಬಾಯಲ್ಲಿದ್ದದ್ದು ಖರ್ಜೂರ.