ಲೂರ್ದಮ್ಮನ ‘ಏಳು’ ವರಗಳು

ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ತಿ. ನರಸೀಪುರ ರಸ್ತೆಯ ಪುಟ್ಟ ಊರೊಂದರ ಜಗಲಿಯಲ್ಲಿ ಲೂರ್ದಮ್ಮ ನೆನೆಸಿದ ಅವರೆಕಾಳು ಹಿತುಕುತ್ತಿದ್ದಾರೆ. ಎದುರಿಗೆ ಕೂತ ಹುಡುಗಿ ರಂಜಿನಿ ಮೇರಿಯ ಕೈಯಲ್ಲೂ ಕಾಳು. ನಾಟಿ ಕೆಲಸಕ್ಕೆ ಕರೆದೊಯ್ಯುವ ಟೆಂಪೊ ಬರುವವರೆಗೆ ಇಲ್ಲಿ ಧರ್ಮೋಪದೇಶದ ಪಾಠ. ಮುಂದಿನ ತಿಂಗಳು ಬಿಷಪ್ ಬಂದು ಮಕ್ಕಳ ಹಣೆಗೆ ಪವಿತ್ರ ತೈಲ ಹಚ್ಚಿ ದೃಢೀಕರಣ ಸಂಸ್ಕಾರ ಕೊಡುತ್ತಾರೆ.

“ಸುಮ್ನೆ ಕೂರ್ಸಿ ಕೇಳುದ್ರೆ ಮಕ್ಳು ಎದ್ರುಕತವೆ ಕಣ್ರೀ. ಕೈಗೆ ಕೆಲ್ಸ ಕೊಟ್ರೆ ಬಾಯಿ ಬುಡ್ತವೆ” ಎನ್ನುತ್ತಾರೆ ಲೂರ್ದಮ್ಮ, ಪಾಠ ನೋಡಲು ಬಂದ ನನಗೆ. ಗಂಡ ಚೌರಪ್ಪ ತೀರಿಕೊಂಡ ಮೇಲೆ ಕೂಲಿಯೇ ಬದುಕು. ಆದರೂ ಮೂವತ್ತು ವರ್ಷದಿಂದ ಈ ಊರಿನ ಮಕ್ಕಳಿಗೆ ಇವರೇ ಉಪದೇಶಿ.

ಈ ಸಲ ಮಾತ್ರ ಎಡವಟ್ಟಾಗಿದೆ. ಪವಿತ್ರಾತ್ಮರ ವರಗಳು ಏಳು. ಈ ಸೀಮೆಯ ನಾಲಿಗೆಗೆ ಹಕಾರ ಒಗ್ಗದು. “ವರ ಎಷ್ಟು, ಏಳು” ಎಂದೇ ಲೂರ್ದಮ್ಮ ಕೇಳುವುದು. ಪ್ರಶ್ನೆಯಲ್ಲೇ ಉತ್ತರ ಕೊಡುವ ಇಂಥ ಟೀಚರು ಯಾರಿಗುಂಟು ಯಾರಿಗಿಲ್ಲ! ಆದರೆ ಹಕಾರ ನುಂಗುತ್ತಾಳೆಂದು ಶಾಲೆಯಲ್ಲಿ ಬೈಸಿಕೊಂಡಿದ್ದ ರಂಜಿನಿ, ಹೋದ ಭಾನುವಾರ ದೃಢೀಕರಣಕ್ಕೆ ಮುಂಚಿನ ಪರೀಕ್ಷೆಯಲ್ಲಿ ಹೊಸ ಫಾದರ್ ಮುಂದೆ ಶುದ್ಧವಾಗಿ ಮಾತಾಡಲು ಹೊರಟಳು.

“ವರಗಳು ಎಷ್ಟಮ್ಮ?”

“ಹೇಳು, ಫಾದರ್.”

“ನಾನಲ್ಲ, ನೀನು ಹೇಳಬೇಕು.”

“ಹೇಳು, ಫಾದರ್!”

ಫಾದರ್‌ಗೆ ಇದು ತಲೆಹರಟೆಯಾಗಿ ಕಂಡಿತು. “ನೀನು ಮುಂದಿನ ಸಲ ಬಾ” ಎಂದುಬಿಟ್ಟರು. ಮುಂದಿನ ಸಲವೆಂದರೆ ಬಿಷಪ್ ಮತ್ತೆ ಈ ಕಡೆ ಬಂದಾಗ, ಅಂದರೆ ವರ್ಷಗಳೇ. ಹುಡುಗಿ ಅತ್ತು ಅತ್ತು ಮಾತೇ ಬಿಟ್ಟಳು.

ಲೂರ್ದಮ್ಮ ಕೆಲಸ ಬಿಟ್ಟು ಬಸ್ಸು ಹತ್ತಿ ಫಾದರ್ ಬಳಿ ಹೋದರು. “ತಪ್ಪು ಮಗೀದಲ್ಲ ಸ್ವಾಮಿ, ನನ್ ನಾಲ್ಗೇದು. ಬಾಯ್ಬುಟ್ಟು ಏಳಾದೂ ಏಳೇ, ಎಣ್ಸಾ ಏಳೂ ಏಳೇ. ಅದ್ಕೆ ಯಾವ್ದು ಯಾವ್ದು ಅಂತ ಯಂಗ್ ತಿಳೀಬೇಕು?” ಫಾದರ್ ನಕ್ಕು ಸುಸ್ತಾದರು. ಈ ಭಾನುವಾರ ಮತ್ತೆ ಕೇಳುವುದಾಗಿ ಒಪ್ಪಿದರು.

ಭಾನುವಾರ ಪೂಜೆ ಮುಗಿದ ಮೇಲೆ ನಾನೂ ಅಲ್ಲಿದ್ದೇನೆ. “ಎಷ್ಟಮ್ಮ?” ಎನ್ನುತ್ತಾರೆ ಫಾದರ್. ಲೂರ್ದಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಾರೆ. “ಏಳು” ಎಂದ ರಂಜಿನಿ, ಕೇಳದಿದ್ದರೂ ಏಳರ ಹೆಸರನ್ನೂ ಒಂದೇ ಉಸಿರಿಗೆ ಒಪ್ಪಿಸುತ್ತಾಳೆ. ಪಾಸು!

ಬಿಷಪ್ ತೈಲ ಹಚ್ಚುವ ಹೊತ್ತಿಗೆ ಬೆನ್ನಿಗೆ ನಿಂತು ಹೆಗಲ ಮೇಲೆ ಕೈಯಿಡಲು ಪ್ರತಿ ಮಗುವಿಗೂ ಒಬ್ಬ ಜ್ಞಾನತಂದೆಯೋ ಜ್ಞಾನತಾಯಿಯೋ ಬೇಕು. ನೆಂಟರಲ್ಲಿ ಅನುಕೂಲಸ್ಥರನ್ನು ಕರೆಯುವುದು ರೂಢಿ. ನಿನಗೆ ಯಾರು ಎಂದು ಫಾದರ್ ಕೇಳಿದರೆ ರಂಜಿನಿ ಲೂರ್ದಮ್ಮನ ಕೈ ಹಿಡಿದೆಳೆಯುತ್ತಾಳೆ.

“ಇಷ್ಟ್ ವರ್ಸ ಮಕ್ಳುನ್ನ ಬಿಸಪ್ರ ಮುಂದ್ಕೆ ಕಳ್ಸಿ, ನಾನು ಕಡೇ ಬೆಂಚ್ನಲ್ಲಿ ಕುಂತ್ಕತಿದ್ದೆ” ಎಂದು ಲೂರ್ದಮ್ಮ ಕಣ್ಣೊರೆಸಿಕೊಳ್ಳುತ್ತಾರೆ. “ಎಗಲ ಮ್ಯಾಲೆ ಕೈ ಮಡಗು ಬಾ ಅಂತ ಕರ್ದೋಳು ಇವ್ಳೊಬ್ಳೇ ಕಣ್ರೀ.”