ಬೈಗುಳಕ್ಕೆ ಹಿಗ್ಗಿದ ಟೇಪು

ಕತ್ತರಿ ಮಾಸ್ಟರ ಅಂಗಡಿಯಲ್ಲಿ ಏನು ಕೆಟ್ಟರೂ ಕಾರಣ ಒಂದೇ: ಈಗಿನ ಕಾಲದ ಮಕ್ಕಳು. ದಾರ ಹರಿದರೂ ಅವರೇ, ಇಸ್ತ್ರಿಪೆಟ್ಟಿಗೆ ಸುಟ್ಟರೂ ಅವರೇ. ಈಗಿನ ಕಾಲದ ಮಕ್ಕಳೆಂದರೆ ಆ ಅಂಗಡಿಯ ಮಟ್ಟಿಗೆ ಒಬ್ಬಳೇ, ಮಾಸ್ಟರ ಮಗಳು. ಇಡೀ ಪೀಳಿಗೆಯ ಪಾಪವನ್ನು ಒಬ್ಬಳೇ ಹೊತ್ತು ಹೊಲಿಗೆ ಮಿಷನ್ ತುಳಿಯುವುದೆಂದರೆ ಸಾಮಾನ್ಯವೇ?

ಮಾಸ್ಟರ ಕೈ ನಡುಗತೊಡಗಿದ ಮೇಲೆ ಕತ್ತರಿ ಅವಳ ಪಾಲಿಗೆ ಬಂದಿತ್ತು. ಅಳತೆಯ ಗದ್ದುಗೆಯನ್ನು ಮಾತ್ರ ಅವರು ಬಿಟ್ಟುಕೊಡಲಿಲ್ಲ. ಅವರಪ್ಪ ಕೊಟ್ಟ ಬಟ್ಟೆಯ ಟೇಪು ಕೊರಳಲ್ಲಿ ತೂಗುತ್ತಿರಬೇಕು, ಅವರು ಅಳೆದು ಇಂಚು ಕೂಗಬೇಕು, ಮಗಳು ತನ್ನ ಹೊಸ ಟೇಪಿನಲ್ಲಿ ಗುರುತು ಹಾಕಿ ಕತ್ತರಿಸಬೇಕು. ಅಂದಿನಿಂದ ಆ ಅಂಗಡಿಯ ಅಂಗಿ ತೊಟ್ಟವರು ಉಸಿರಾಡಲಿಕ್ಕೂ ಲೆಕ್ಕ ಹಾಕಬೇಕಾಯಿತು. ಎಲ್ಲವೂ ಬಿಗಿ.

"ಕೈಯಲ್ಲಿ ಕಸುಬಿಲ್ಲ, ಕಣ್ಣೆಲ್ಲ ಫೋನಲ್ಲಿ," ಎಂದು ಮಾಸ್ಟರು ಗಿರಾಕಿಗಳ ಎದುರೇ ಶುರು ಹಚ್ಚಿಕೊಳ್ಳುತ್ತಿದ್ದರು. "ನಮ್ಮಪ್ಪ ಕೆಮ್ಮಿದ್ರೆ ಸಾಕು, ನಾವು ನೆಟ್ಟಗೆ ನಿಲ್ತಿದ್ವಿ!" ಉಪದೇಶದ ಹೊತ್ತಿಗೆ ಟೇಪಿನ ಎರಡೂ ತುದಿ ಹಿಡಿದು, ಕೊಸರುವ ಎಮ್ಮೆಯ ಹಗ್ಗ ಹಿಡಿದವರಂತೆ ಜಗ್ಗುವುದು ಅವರ ಚಾಳಿ. ಉಪದೇಶಕ್ಕೆ ಬಿಡುವಿರಲಿಲ್ಲ, ಹಾಗಾಗಿ ಟೇಪಿಗೂ ಇರಲಿಲ್ಲ.

ಪಕ್ಕದ ಔಷಧಿ ಅಂಗಡಿಯವರು, ಮಾಸ್ಟರ ಹಳೆಯ ಗೆಳೆಯರು, ಮಗನ ಮದುವೆಗೆ ತಾವು ತೊಡಲೆಂದು ಕೋಟಿನ ಬಟ್ಟೆ ಕೊಟ್ಟರು. ಮಾಸ್ಟರು ಮಗಳಿಗೆ ಕಡ್ಡಿ ಮುರಿದಂತೆ ಹೇಳಿದರು: "ಇದೂ ಬಿಗಿಯಾದ್ರೆ ಕತ್ತರಿ ಕೆಳಗಿಡು. ಆಚೆ ಬೀದಿಯ ಟೈಲರನ್ನ ಕರೀತೀನಿ. ನೀನು ಗುಂಡಿ ಹಾಕ್ಕೊಂಡಿರು."

ಅವಳಿಗೆ ಆ ಕತ್ತರಿಯೆಂದರೆ ಜೀವ. ಅಪ್ಪ ಕೂಗಿದ ಇಂಚನ್ನು ಬಟ್ಟೆಯ ಮೇಲೆ ಎರಡೆರಡು ಸಲ ಅಳೆದು ಗುರುತು ಹಾಕಿ ಕತ್ತರಿಸಿದಳು.

ಕೋಟು ತೊಟ್ಟ ಔಷಧಿಯವರಿಗೆ ತೋಳು ಮೇಲೇಳಲಿಲ್ಲ. "ಏನಯ್ಯಾ, ಇದು ಕೋಟೋ, ಮುರಿದ ಮೂಳೆಗೆ ಕಟ್ಟೋ ಪಟ್ಟಿಯೋ?"

"ನೋಡಿದ್ಯಾ, ಈಗಿನ ಕಾಲದ..." ಎನ್ನುತ್ತ ಮಾಸ್ಟರು ಟೇಪು ಜಗ್ಗಿದರು. ಮಗಳ ಕಣ್ಣು ಆ ಕೈಗಳ ಮೇಲೆಯೇ ನಿಂತಿತು. ಎದ್ದು ಬಂದವಳೇ ಅಪ್ಪನ ಕೊರಳ ಟೇಪು ತೆಗೆದು, ಮೇಜಿನ ಮೇಲೆ ತನ್ನದರ ಪಕ್ಕ ಹಾಸಿದಳು. ಹಳೆಯದರ ಮೂವತ್ತೆಂಟು ಹೊಸದರ ನಲವತ್ತರ ಮಗ್ಗುಲಲ್ಲಿ ಹಾಯಾಗಿ ಮಲಗಿತ್ತು.

"ಹೊಸದು ಕುಗ್ಗಿದೆ," ಎಂದರು ಮಾಸ್ಟರು, ಕಣ್ಣು ಮಿಟುಕಿಸದೆ.

ಅವಳು ಮರದ ಅಡಿಪಟ್ಟಿ ತಂದಿಟ್ಟಳು. ಅದು ನಾಚಿಕೆಯಿಲ್ಲದೆ ಹೊಸ ಟೇಪಿನ ಪಕ್ಷ ಸೇರಿತು.

"ಅಪ್ಪಾ, ನನ್ನ ಬೈದೂ ಬೈದೂ ಟೇಪು ಉದ್ದ ಮಾಡಿದ್ದೀರ. ಅಳತೆ, ಕಟಿಂಗು ಎರಡೂ ಇದರಲ್ಲೇ ನೀವೇ ಮಾಡೋವಾಗ ತಾಳೆ ಆಗ್ತಿತ್ತು. ಈಗ ನೀವು ನಲವತ್ತಿನ ಎದೇನ ಮೂವತ್ತೆಂಟು ಅಂತೀರ, ನಾನು ನಂಬಿ ಕತ್ತರಿಸ್ತೀನಿ."

ಔಷಧಿಯವರು ನಗಲು ಹೋದರು. ಕಂಕುಳ ಹೊಲಿಗೆ ಪರ್ರೆಂದಿತು.

ಮಾಸ್ಟರು ಗೂಬೆ ಕೂರಿಸಲು ಇನ್ನೊಂದು ತಲೆ ಹುಡುಕಿದರು. ಗೋಡೆಯ ಫೋಟೋದಲ್ಲಿ ಅಪ್ಪ ಸಿಕ್ಕರು. "ಒಂದು ಒಳ್ಳೆ ಟೇಪು ಆರಿಸೋಕೂ ಬರ್ಲಿಲ್ಲ ನಮ್ಮಪ್ಪನಿಗೆ. ಯಾವುದರಲ್ಲೂ ನಿಗಾ ಇಲ್ಲ!" ಅಷ್ಟು ಕಾಲ ದೇವರಾಗಿದ್ದವರು ಒಂದೇ ಗಳಿಗೆಯಲ್ಲಿ ಅಪರಾಧಿ. ಪುಣ್ಯಕ್ಕೆ, ಫೋಟೋದವರು ಎದುರುತ್ತರ ಕೊಡುವುದಿಲ್ಲ.

"ಹಾಗಾದ್ರೆ ಕತ್ತರಿ?" ಮಗಳು ಬಿಡಲಿಲ್ಲ.

"ನಿನ್ನ ಹತ್ರಾನೇ ಇರ್ಲಿ. ಇವತ್ತಿಂದ ಅಳತೇನೂ ನೀನೇ ತಗೋ." ಮಾಸ್ಟರು ಗಂಟಲು ಸರಿಮಾಡಿಕೊಂಡರು. "ಇನ್ನು ತಪ್ಪಾದ್ರೆ ಪೂರ್ತಿ ನಿಂದೇ. ಹಿರಿಯರ ಮೇಲೆ ಹಾಕೋ ಹಾಗಿಲ್ಲ."

"ಮಾಮ, ಕೋಟು ಬಿಚ್ಚಿ, ಕೈ ಅಗಲಿಸಿ," ಎಂದಳು ಮಗಳು. "ಹೊಲಿಗೆಯೊಳಗೆ ಹೆಚ್ಚಿಗೆ ಬಟ್ಟೆ ಬಿಟ್ಟಿದ್ದೀನಿ, ಹಿಗ್ಗಿಸಿ ಕೊಡ್ತೀನಿ."