ಮೂರನೆಯ ಮಾತುಗಾರ

ಆ ಬುಧವಾರ ಏನೇನು ಕೆಡಬಹುದಿತ್ತೆಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಕರೆಂಟು ಹೋಗಬಹುದಿತ್ತು, ಕರೆಂಟು ಇದ್ದೂ ಪ್ರೊಜೆಕ್ಟರು ಮುನಿಸಿಕೊಳ್ಳಬಹುದಿತ್ತು, ಪ್ರೊಜೆಕ್ಟರು ಒಲಿದರೂ ಅದರ ವೈರು ಪ್ರಾಂಶುಪಾಲರ ಕಾಲಿಗೆ ತೊಡರಬಹುದಿತ್ತು, ಅತಿಥಿಯನ್ನು ಕರೆತರುವ ಆಟೋ ದಾರಿಯಲ್ಲಿ ಪಂಕ್ಚರಾಗಬಹುದಿತ್ತು, ನಾನು ದಿನಾ ಬೆಳಿಗ್ಗೆ ನನ್ನ ದೇಹದ ಹೊಸ ರೋಗಲಕ್ಷಣಗಳನ್ನು ಬರೆದಿಡುವ ಖಾಸಗಿ ಪುಟವು ಪಾಠದ ಪುಟದ ಬದಲು ಪರದೆಯ ಮೇಲೆ ಮೂಡಿ, ಎರಡನೇ ವರ್ಷದ ಬಿ.ಎ. ವಿದ್ಯಾರ್ಥಿಗಳೆಲ್ಲ ನನ್ನ ಯಕೃತ್ತಿನ ಬಗ್ಗೆ ಸಾಮೂಹಿಕವಾಗಿ ಚಿಂತಿಸುವಂತಾಗಬಹುದಿತ್ತು. ಇವೆಲ್ಲಕ್ಕಿಂತ ಘೋರವಾದದ್ದು ಇನ್ನೊಂದಿತ್ತು. ಅದನ್ನು ಹೇಳಬೇಕಾದರೆ ನನ್ನ ವಿಕಿಯಿಂದಲೇ ಶುರುಮಾಡಬೇಕು.

ಬಂಗಾರಪೇಟೆಯ ಕಾಲೇಜೊಂದರಲ್ಲಿ ಇಪ್ಪತ್ತೆರಡು ವರ್ಷದಿಂದ ಇತಿಹಾಸ ಕಲಿಸುತ್ತಿರುವ ನನ್ನ ಟಿಪ್ಪಣಿಗಳು ರಟ್ಟಿನ ಪೆಟ್ಟಿಗೆಗಳಲ್ಲಿದ್ದವು. ಅವಕ್ಕೆ ಗೆದ್ದಲು ಹತ್ತೀತೆಂಬ ಭಯದಿಂದ ನಾನು ಎದ್ದು ಎದ್ದು ಪೆಟ್ಟಿಗೆ ತೆರೆದು ನೋಡುತ್ತಿದ್ದುದರಿಂದ, ಗೆದ್ದಲಿಗಿಂತ ಹೆಚ್ಚು ಹಾನಿ ನನ್ನ ಕೈಯಿಂದಲೇ ಆಯಿತೆನ್ನಬೇಕು. ಕೊನೆಗೆ ಎಲ್ಲವನ್ನೂ ಕಂಪ್ಯೂಟರಿನೊಳಗೆ ಸ್ವಂತಕ್ಕೊಂದು ವಿಕಿ ಕಟ್ಟಿ ಅದಕ್ಕೆ ಸುರಿದೆ. ಒಂದು ಪಾಠಕ್ಕೆ ಒಂದು ಪುಟ, ಪುಟದ ಯಾವುದಾದರೂ ಪದವನ್ನು ಒತ್ತಿದರೆ ಇನ್ನೊಂದು ಪುಟ, ಅಲ್ಲಿಂದ ಮತ್ತೊಂದು. ವಿಕಿ ಸ್ವಭಾವತಃ ಸಾತ್ವಿಕ ಜೀವಿ. ಅದಕ್ಕೆ ತಗುಲಿಸುವ ಪ್ಲಗಿನ್ನುಗಳೆಂಬ ಪುಟಾಣಿ ತಂತ್ರಾಂಶಗಳದ್ದು ಮಾತ್ರ ಬೇರೆಯೇ ಜಾತಕ. ಯಾವ ಪುಟಕ್ಕೂ ಸಂಬಂಧವಿಲ್ಲದ ಅನಾಥ ಪುಟಗಳನ್ನು ಹುಡುಕಿಕೊಡುವ ಪ್ಲಗಿನ್ನೊಂದನ್ನು ಹಾಕಿದೆ. ಯಾವ ಪುಟ ಯಾವುದಕ್ಕೆ ಅಂಟಿದೆಯೆಂದು ಚುಕ್ಕೆ-ಗೆರೆಗಳ ಬಲೆ ಬರೆದು ತೋರಿಸುವ ಇನ್ನೊಂದನ್ನು ಹಾಕಿದೆ. ಮೂರನೆಯದು ಧ್ವನಿಮುದ್ರಣವನ್ನು ಕೇಳಿ ಬರಹಕ್ಕಿಳಿಸುವುದಲ್ಲದೆ, ದನಿಯ ಗುರುತು ಹಿಡಿದು ‘ಮಾತುಗಾರ ಒಂದು’, ‘ಮಾತುಗಾರ ಎರಡು’ ಎಂದು ಬಿಡಿಸಿ, ತಲೆಗೊಂದು ಪುಟ ತೆರೆದು, ಅವರು ಮಾತಾಡಿದ ಪಾಠಗಳಿಗೆಲ್ಲ ತಾನೇ ಕೊಂಡಿ ಹಾಕುತ್ತಿತ್ತು.

ನನ್ನ ಹೆಂಡತಿ ಸರೋಜ ಕ್ಯಾಸಂಬಳ್ಳಿ ಕಡೆಯವಳು. ಅವಳ ವಿಮರ್ಶೆಗೆ ಮುಲಾಜೆಂಬುದಿಲ್ಲ. ಬಲೆಯನ್ನು ನೋಡಿ, “ಇದೇನ್ರೀ, ಬೆಕ್ಕು ಉಲ್ಲನ್ ಉಂಡೆ ಎಳ್ದಾಕ್ದಂಗೈತೆ! ಮಕ್ಕಳು ಇದನ್ನ ಓದಿ ಪಾಸಾದಂಗೇ,” ಎಂದು ಒಲೆಯ ಕಡೆ ಹೋದಳು.

ಸ್ಥಳೀಯ ಚರಿತ್ರೆಯ ಪಾಠಗಳಿಗೆಂದು ನಾನು ಹನ್ನೊಂದು ಭಾನುವಾರ ರೈಲು ಹತ್ತಿ, ಮುಚ್ಚಿಹೋದ ಚಿನ್ನದ ಗಣಿಗಳಿರುವ ಚಾಂಪಿಯನ್ ರೀಫ್ಸ್‌ಗೆ ಹೋದೆ. ಅಲ್ಲಿನ ಗಣಿ ಕಾರ್ಮಿಕರ ಲೈನ್ ಮನೆಯೊಂದರಲ್ಲಿ ಸೆಲ್ವರಾಜಣ್ಣ ಇದ್ದಾರೆ. ಗಣಿಯ ತಳದಲ್ಲಿ ಬಂಡೆಗೆ ಡ್ರಿಲ್ ಹಿಡಿಯುತ್ತಿದ್ದವರು, ಈಗ ಎಂಬತ್ತರ ಹತ್ತಿರ. ನನ್ನ ವಿಕಿಯ ಮಹಿಮೆಯನ್ನು ಅರ್ಧ ಗಂಟೆ ಕೇಳಿದ ಮೇಲೆ ಅವರು ಇಟ್ಟ ಪ್ರಶ್ನೆ ಒಂದೇ: “ಎಷ್ಟು ಅಡಿ ಆಳ ಸಾರ್ ನಿಮ್ದು? ಇಳಿಯೋದು ಸರಿ, ಮೇಲೆ ಬರೋಕೆ ಕೇಜ್ ಐತಾ?” ಕೇಜೆಂದರೆ ಗಣಿಯೊಳಗೆ ಇಳಿಸಿ ಹತ್ತಿಸುವ ಲಿಫ್ಟು. ಮಾತಿನ ನಡುನಡುವೆ ಅವರು “ಇರುಕ್ಕಿಯಾ?” ಎನ್ನುತ್ತಿದ್ದರು. ತಮಿಳಿನಲ್ಲಿ ಇದ್ದೀಯಾ ಎಂದರ್ಥ. ತೂಕಡಿಸುವ ಮೇಷ್ಟರನ್ನು ಎಚ್ಚರಿಸುತ್ತಿದ್ದಾರೆಂದುಕೊಂಡು ನಾನು ಶ್ರದ್ಧೆಯಿಂದ ತಲೆಯಾಡಿಸುತ್ತಿದ್ದೆ. ಅವರು ಎಡಗಡೆಯ ಗೋಡೆಯತ್ತ ಮುಖ ತಿರುಗಿಸಿ, ಕೆಮ್ಮಿದಂತೆ ಏನೋ ಗೊಣಗಿ, ಮುಂದುವರಿಯುತ್ತಿದ್ದರು. ಆ ಮನೆಯ ನೆಲದಡಿಯಲ್ಲಿ, ನೀರು ತುಂಬಿ ನಿಂತ ಸುರಂಗಗಳು ಮೈಲಿಗಟ್ಟಲೆ ಕವಲೊಡೆದಿವೆಯೆಂಬ ಯೋಚನೆಯಲ್ಲಿ ನಾನು ಕಾಲುಗಳನ್ನು ಕುರ್ಚಿಯ ಅಡ್ಡಪಟ್ಟಿಯ ಮೇಲೆ ಎತ್ತಿಟ್ಟುಕೊಂಡು ಕೂರುತ್ತಿದ್ದೆ.

ಹನ್ನೊಂದೂ ಧ್ವನಿಮುದ್ರಣಗಳನ್ನು ಪ್ಲಗಿನ್ನಿಗೆ ಉಣಿಸಿದೆ. ಅದು ಜೀರ್ಣಿಸಿಕೊಂಡು ಬಲೆ ಬರೆದಾಗ, ನಟ್ಟನಡುವೆ, ನಾನು ಎಂದೂ ಬರೆಯದ ಒಂದು ಚುಕ್ಕೆ ಇತ್ತು. ಹನ್ನೊಂದು ಪಾಠಗಳಿಂದಲೂ ಗೆರೆಗಳು ಅದರತ್ತಲೇ ಇಳಿದಿದ್ದವು. ಒತ್ತಿದೆ. ‘ಮಾತುಗಾರ ಮೂರು’ ಎಂದಿತ್ತು.

ಒಂದು ನಾನು. ಎರಡು ಸೆಲ್ವರಾಜಣ್ಣ. ಆ ಕೋಣೆಯಲ್ಲಿ ಇದ್ದವರು ನಾವಿಬ್ಬರೇ. ಪಕ್ಕದ ಮನೆಯ ಟಿ.ವಿ. ಇರಬಹುದೆಂದು ಸಮಾಧಾನ ಹೇಳಿಕೊಂಡು ಪುಟವನ್ನು ಕೆಳಗೆ ಸರಿಸಿದೆ. ಹನ್ನೊಂದು ದಿನಗಳಲ್ಲಿ ಆ ಮೂರನೆಯವನು ಆಡಿದ್ದೆಲ್ಲ ಅಲ್ಲಿ ಸಾಲಾಗಿ ನಿಂತಿತ್ತು: ಇರುಕ್ಕೇನ್. ಇರುಕ್ಕೇನ್. ಇರುಕ್ಕೇನ್. ಇದ್ದೇನೆ, ಇದ್ದೇನೆ, ಇದ್ದೇನೆ. ಬೇರೊಂದು ಮಾತಿಲ್ಲ. ಕಿವಿಗೆ ಹೆಡ್‌ಫೋನ್ ಸಿಕ್ಕಿಸಿ ಕೇಳಿದೆ. ಸೆಲ್ವರಾಜಣ್ಣನ ಗೊಗ್ಗರು ದನಿಯಲ್ಲಿ ಪ್ರಶ್ನೆ; ಒಂದು ಉಸಿರಿನಷ್ಟು ಮೌನ; ಆಮೇಲೆ ತೆಳ್ಳಗಿನ, ಎಳೆಯ, ದೂರದ ಒಂದು ದನಿ. ಹಾಡುಹಗಲು, ಹೊರಗೆ ತರಕಾರಿ ಗಾಡಿಯವನು ಸೊಪ್ಪು ಕೂಗುತ್ತಿದ್ದಾನೆ. ನನ್ನ ಬೆನ್ನು ಮಾತ್ರ ತಣ್ಣಗಾಗಿತ್ತು. ರೋಗಲಕ್ಷಣಗಳ ಪುಟದಲ್ಲಿ ಅದನ್ನು ಏನೆಂದು ದಾಖಲಿಸಬೇಕೋ ತಿಳಿಯದೆ ಬಿಟ್ಟೆ.

ಮುಂದಿನ ಭಾನುವಾರ ಸೆಲ್ವರಾಜಣ್ಣ ಚರ್ಚ್ ಹತ್ತಿರ ಹೋಗಿದ್ದಾಗ ನಾನು ಅವರ ಮಗಳು ಜಯಾಗೆ ಆ ದನಿಯನ್ನು ಕೇಳಿಸಿದೆ. ಅವಳು ಮನೆಯಲ್ಲೇ ರವಿಕೆ ಹೊಲಿಯುವವಳು. ಹೊಲಿಗೆ ಯಂತ್ರದ ಚಕ್ರಕ್ಕೆ ಕೈ ಅಡ್ಡ ಹಿಡಿದು ಕೇಳಿ, “ಏಳುಮಲೈ ಮಾಮ ಸಾರ್ ಅದು,” ಎಂದಳು. ನಾನು ಕುರ್ಚಿಯನ್ನು ಹಿಂದಕ್ಕೆ ಸರಿಸಿದ್ದನ್ನು ಕಂಡು, “ಅಯ್ಯೋ, ಬೆದರ್ಬೇಡಿ! ದನಿ ನಮ್ಮಪ್ಪಂದೇ. ಅಪ್ಪಂಗೇ ಅದು ಗೊತ್ತಿಲ್ಲ, ಅಷ್ಟೇ,” ಎಂದಳು.

ಡ್ರಿಲ್ ಹಿಡಿಯುವವರದ್ದು ಜೋಡಿ ಕೆಲಸವಂತೆ. ದೂಳಿಗೆ ದೀಪದ ಬೆಳಕು ಮೊಳದುದ್ದವೂ ಹೋಗದಿರುವಾಗ, ಯಂತ್ರ ನಿಲ್ಲಿಸಿದಾಗಲೆಲ್ಲ ಒಬ್ಬ ‘ಇರುಕ್ಕಿಯಾ’ ಎನ್ನಬೇಕು, ಎಡಗಡೆ ನಿಂತ ಜೊತೆಗಾರ ‘ಇರುಕ್ಕೇನ್’ ಎನ್ನಬೇಕು. ಮರುದನಿ ಬರದಿದ್ದರೆ ಇದ್ದದ್ದನ್ನು ಇದ್ದಲ್ಲೇ ಬಿಟ್ಟು ಹುಡುಕಲು ಹೋಗಬೇಕು. ಒಂದು ದಿನ ಬಂಡೆ ಸಿಡಿಯಿತು. ಸೆಲ್ವರಾಜಣ್ಣ ಕೇಳಿದರು, ಜೊತೆಗಾರ ಏಳುಮಲೈ ಹೇಳಲಿಲ್ಲ. ಹುಡುಕಲು ಹೊರಟ ಅಣ್ಣನನ್ನು ನಾಲ್ಕು ಜನ ಹಿಡಿದು ಮೇಲಕ್ಕೆ ತಂದರು.

“ಅವತ್ತಿಂದ ಅಪ್ಪ ಕೇಳ್ತಾರೆ, ಮಾಮ ಬದಲು ಏಳ್ತಾರೆ. ನಾವ್ ಯಾರೂ ನಡುವೆ ಬಾಯಿ ಆಕಲ್ಲ,” ಎಂದಳು ಜಯಾ. “ಓದ್ವರ್ಷ ಜ್ವರ ಬಂದು ಅಪ್ಪನ ಗಂಟಲು ಕಟ್ಟೋಯ್ತು. ಕೇಳಿದ್ರು, ಬದಲು ಬರ್ಲಿಲ್ಲ. ಎದ್ದು ಗಣಿ ಶಾಫ್ಟ್ ಕಡೆ ನಡೆದ್ಬುಟ್ರು ಸಾರ್, ಮಾಮನ್ನ ಉಡುಕೋಕೆ. ಬೇಲಿ ದಾಟೋದ್ರಲ್ಲಿ ಸಿಕ್ಕಿದ್ರು. ನಿಮ್ಮ ಮಿಷಿನ್ನು ಇದು ನಿನ್ ದನೀನೇ ಅಂತ ತೋರಿಸ್ಬುಟ್ರೆ, ಆಮೇಲೆ ಬದಲು ಏಳೋರು ಯಾರು? ದಿನಾ ಬೇಲಿ ಕಾಯ್ಲಾ ನಾನು?”

ಈಗ ತಿಳಿಯಿತಲ್ಲ, ಆ ಬುಧವಾರದ ಘೋರ ಭಯ ಯಾವುದೆಂದು? ಸೆಲ್ವರಾಜಣ್ಣನನ್ನೇ ತರಗತಿಗೆ ಅತಿಥಿಯಾಗಿ ಕರೆದಾಗಿತ್ತು. ಅದಕ್ಕೆಂದು ಇಸ್ತ್ರಿ ಮಾಡಿದ ಅವರ ಅಂಗಿ ಮೊಳೆಗೆ ತೂಗಿ ನಾಲ್ಕು ದಿನವಾಗಿತ್ತು. ಅವರ ಕಣ್ಣೆದುರಿಗೆ ಆ ಬಲೆ ಬಿಚ್ಚಿಕೊಂಡು, ಯಾರದೋ ಬೆರಳು ತಾಗಿ, ಗೋಡೆಯ ಸ್ಪೀಕರಿನಿಂದ ಏಳುಮಲೈ ಮಾತಾಡಿಬಿಟ್ಟರೆ? ಪುಟವನ್ನು ಅಳಿಸಿದೆ, ಪ್ಲಗಿನ್ನು ವಿಧೇಯತೆಯಿಂದ ಮತ್ತೆ ಹುಟ್ಟಿಸಿತು. ಬಲೆಯ ಪ್ಲಗಿನ್ನನ್ನು ಕಿತ್ತೆ, ಸ್ಪೀಕರಿನ ವೈರನ್ನು ಕಿತ್ತೆ, ಪಾಠವನ್ನೆಲ್ಲ ಕಾಗದದ ಮೇಲೆ ಅಚ್ಚುಹಾಕಿಸಿಕೊಂಡೆ. ಗೆದ್ದಲಿನಿಂದ ಪಾರಾಗಲು ಕಟ್ಟಿದ ವಿಕಿಯಿಂದ ಪಾರಾಗಲು ಮತ್ತೆ ಕಾಗದಕ್ಕೇ ಶರಣಾದ ನನ್ನನ್ನು ಕಂಡು ಸರೋಜ, “ಆ ರಟ್ಟಿನ ಪೆಟ್ಟಿಗೆ ಇನ್ನೂ ಮಾರಿಲ್ಲ ಕಣ್ರೀ,” ಎಂದು ಧೈರ್ಯ ತುಂಬಿದಳು.

ಬುಧವಾರ ಕರೆಂಟು ಹೋಗಲಿಲ್ಲ. ಆಟೋ ಹೊತ್ತಿಗೆ ಮುಂಚೆಯೇ ಬಂತು. ಧ್ವನಿಮುದ್ರಣದ ಯಂತ್ರವನ್ನು ಮೇಜಿನ ಮೇಲಿಟ್ಟು, ನಾನು ಅಣ್ಣನ ಎಡಗಡೆ ಕುರ್ಚಿ ಹಾಕಿಕೊಂಡೆ, ಬೇರೆಲ್ಲೂ ಜಾಗವಿರಲಿಲ್ಲ. ಸೆಲ್ವರಾಜಣ್ಣ ಮುಕ್ಕಾಲು ಗಂಟೆ ಮಾತಾಡಿದರು. ಮಕ್ಕಳು ಮೊಬೈಲು ಮುಟ್ಟಲಿಲ್ಲ. ಗಂಟಲು ಒಣಗಿ ಅವರ ದನಿ ಪಿಸುಗುಟ್ಟುವಷ್ಟಕ್ಕೆ ಇಳಿದಿತ್ತು. ಡ್ರಿಲ್ ನಿಲ್ಲಿಸುವುದನ್ನು ಕೈಯಲ್ಲಿ ಅಭಿನಯಿಸಿ, “ಇರುಕ್ಕಿಯಾ?” ಎಂದರು.

ಮರುದನಿ ಬರಲಿಲ್ಲ.

ಮತ್ತೆ ಕೇಳಿದರು. ಉತ್ತರಕ್ಕೆಂದು ಅವರ ತುಟಿ ಅಲುಗಿತು, ಆ ಎಳೆಯ ದನಿ ಹೊರಡಲಿಲ್ಲ. ಅವರ ಎರಡೂ ಕೈ ಮೇಜಿನ ಅಂಚನ್ನು ಹಿಡಿದವು, ಮೊಣಕಾಲು ನೆಟ್ಟಗಾಗತೊಡಗಿತು, ಕಣ್ಣು ಬಾಗಿಲನ್ನು ಹುಡುಕಿತು. ಏನೇನು ಕೆಡಬಹುದೆಂದು ಒಂದು ವಾರ ಪಟ್ಟಿ ಮಾಡಿದ್ದ ನನ್ನ ಬಳಿ ಇದಕ್ಕೆ ಉಪಾಯವೇ ಇರಲಿಲ್ಲ.

“ಇರುಕ್ಕೇನ್,” ಎಂದೆ.

ಅವರು ನನ್ನತ್ತ ತಿರುಗಿ ನೋಡಲಿಲ್ಲ. ಕುಳಿತರು. ನೀರು ಕುಡಿದು, ಬಂಡೆಯನ್ನು ಬಡಿದು ಅದರ ಸದ್ದಿನಿಂದ ಬಿರುಕನ್ನು ಪತ್ತೆಹಚ್ಚುವ ಬಗೆಯನ್ನು ಮಕ್ಕಳಿಗೆ ವಿವರಿಸತೊಡಗಿದರು.

ಹೀಗೆ ಎಲ್ಲವೂ ನೆಟ್ಟಗೆ ನಡೆಯಿತು. ಕೆಟ್ಟದ್ದು ಸಣ್ಣದೊಂದೇ, ಅದೂ ಮರುದಿನ ಬೆಳಿಗ್ಗೆ ಆ ಧ್ವನಿಮುದ್ರಣವನ್ನು ವಿಕಿಗೆ ಹಾಕಿದಾಗ. ತರಗತಿಯಲ್ಲಿ ನಾನಾಡಿದ ಸ್ವಾಗತ, ವಂದನೆ, “ಹಿಂದಿನ ಬೆಂಚು, ಸದ್ದು!” ಎಲ್ಲವನ್ನೂ ಪ್ಲಗಿನ್ನು ಸರಿಯಾಗಿ ಮಾತುಗಾರ ಒಂದರ ಲೆಕ್ಕಕ್ಕೆ ಬರೆದಿತ್ತು. ಆ ಒಂದು ಪದವನ್ನು ಮಾತ್ರ ಮೂರನೆಯವನ ಪುಟಕ್ಕೆ ಸೇರಿಸಿತ್ತು. ತಿದ್ದಲು ಗುಂಡಿಯೊಂದಿದೆ, ಒತ್ತಿದರೆ ಸಾಕು. ತಿದ್ದುವ ಮುನ್ನ ಖಾತ್ರಿ ಮಾಡಿಕೊಳ್ಳೋಣವೆಂದು ಹೆಡ್‌ಫೋನ್ ಹಾಕಿಕೊಂಡು ಹತ್ತು ಸಲ ಕೇಳಿದೆ. ಹತ್ತೂ ಸಲ ಅದು ನನ್ನದೇ ದನಿ. ಹನ್ನೊಂದನೆಯ ಸಲ ಕೇಳಬಾರದಿತ್ತು.